ಆಸ್ಪತ್ರೆಯ ಕಾರಿಡಾರಿನ ಪರದೆ ಏನು ಹೇಳಬೇಕು, ಏನು ಹೇಳಬಾರದು: ಓದುಗರ ಪ್ರಶ್ನೆಗಳಿಗೆ ಉತ್ತರ

ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ (ಒಪಿಡಿ), ಶಸ್ತ್ರಚಿಕಿತ್ಸಾ ಕೊಠಡಿಯ (ಓಟಿ) ಹೊರಗೆ ಮತ್ತು ವಾರ್ಡುಗಳ ಕಾರಿಡಾರಿನಲ್ಲಿ ತೂಗುಹಾಕಿರುವ ಡಿಜಿಟಲ್ ಫಲಕಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ವಿಷಯವೇ ಖಾಸಗಿತನದ್ದಾದ ಕಾರಣ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ತಾಯಿಯವರನ್ನು ಖಾಸಗಿ ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ತೋರಿಸಲು ಕರೆದೊಯ್ದಿದ್ದೆ. ಕಾರಿಡಾರಿನ ಟಿವಿಯಲ್ಲಿ ಅವರ ಪೂರ್ಣ ಹೆಸರು, ವಯಸ್ಸು, ವಿಭಾಗ, ವೈದ್ಯರ ಹೆಸರು ಎಲ್ಲವೂ ಒಂದೇ ಸಾಲಿನಲ್ಲಿ ಬಂದವು. ಅಲ್ಲೇ ಕುಳಿತಿದ್ದ ನಮ್ಮ ಬೀದಿಯವರೊಬ್ಬರು ಅದನ್ನು ಓದಿದರು; ಸಂಜೆಯೊಳಗೆ ಬೀದಿಗೆಲ್ಲ ವಿಷಯ ಹಬ್ಬಿತ್ತು. ಹೀಗೆ ಹಾಕಲು ಆಸ್ಪತ್ರೆಗೆ ಅಧಿಕಾರವಿದೆಯೇ? ಯಾರಿಗೆ ದೂರು ಕೊಡಬೇಕು? (ಹಾಸನ)

ಉತ್ತರ: ಅಂಥ ಅಧಿಕಾರ ಆಸ್ಪತ್ರೆಗೆ ಇಲ್ಲ. ಪರದೆಯ ಮೇಲೆ ಟೋಕನ್ ಸಂಖ್ಯೆಯಷ್ಟೇ ಇದ್ದಿದ್ದರೆ, ಅಥವಾ ವಿಭಾಗದ ಪ್ರಸ್ತಾಪವಿಲ್ಲದೆ ಹೆಸರನ್ನೊಂದು ಬಾರಿ ಕರೆದಿದ್ದರೆ, ಆಕ್ಷೇಪಕ್ಕೆ ಹೆಚ್ಚಿನ ಎಡೆ ಇರುತ್ತಿರಲಿಲ್ಲ. ಹೆಸರೂ ವಯಸ್ಸೂ ವಿಭಾಗವೂ ಒಂದೇ ಸಾಲಿನಲ್ಲಿ ಕೂಡಿದಾಗ, ಯಾರಿಗೆ ಯಾವ ಬಗೆಯ ಚಿಕಿತ್ಸೆ ನಡೆಯುತ್ತಿದೆ ಎಂಬುದು ಆ ದಾರಿಯಲ್ಲಿ ಹಾದುಹೋಗುವ ಎಲ್ಲರಿಗೂ ತಿಳಿದುಹೋಗುತ್ತದೆ. ತಮ್ಮ ತಾಯಿಯವರ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿಗೆ ತನ್ನ ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ವಿವರಗಳು ಗೋಪ್ಯವಾಗಿ ಉಳಿಯಬೇಕೆಂಬ ಹಕ್ಕನ್ನು ಕೊಡುತ್ತದೆ. ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸುವುದು, ಚಿಕಿತ್ಸೆ ನೀಡುವ ಇತರ ವೈದ್ಯರಿಗೆ ತಿಳಿಸುವುದು, ಮತ್ತೊಬ್ಬರಿಗೆ ಆಗಬಹುದಾದ ಹಾನಿಯನ್ನು ತಡೆಯುವುದು, ಸಕ್ಷಮ ಪ್ರಾಧಿಕಾರದ ಆದೇಶ ಪಾಲಿಸುವುದು ಮುಂತಾದ ಕೆಲವೇ ಅಪವಾದಗಳು ಅಲ್ಲಿವೆ. ಸರತಿ ಸಾಲು ಸಲೀಸಾಗಿ ಸಾಗಲಿ ಎಂಬುದು ಆ ಅಪವಾದಗಳಲ್ಲಿ ಸೇರಿಲ್ಲ.

ಬೇರೆ ವಿಭಾಗಗಳ ರೋಗಿಗಳಿಗೂ ರಕ್ಷಣೆ ಇಲ್ಲದಿಲ್ಲ. ಎಚ್‌ಐವಿ ಸೋಂಕಿನ ಕುರಿತ 2017ರ ಕಾಯ್ದೆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಆತನ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಸೇರಿದ 5ಎ ಸೆಕ್ಷನ್ ಮಹಿಳೆಯ ಹೆಸರು ಮತ್ತು ವಿವರಗಳನ್ನು ಹೊರಗೆಡಹುವುದನ್ನು ಒಂದು ವರ್ಷದವರೆಗಿನ ಜೈಲು ಶಿಕ್ಷೆಗೆ ಗುರಿಪಡಿಸಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ಆರೋಗ್ಯ ಸ್ಥಿತಿಯನ್ನೂ ವೈದ್ಯಕೀಯ ದಾಖಲೆಗಳನ್ನೂ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ಸೇರಿಸಿವೆ. ಇವೆಲ್ಲಕ್ಕೂ ಮೇಲೆ, ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುವ ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಅದರ ಮುಖ್ಯ ಹೊಣೆಗಾರಿಕೆಗಳಿಗೆ ಸಿದ್ಧರಾಗಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ ಅದು ವಿಧಿಸಬಹುದಾದ ದಂಡ 250 ಕೋಟಿ ರೂಪಾಯಿವರೆಗೆ ಇದೆ. ಈ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ. ಆದ್ದರಿಂದ ಸಿಸ್ಟರ್ ಒಬ್ಬರು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಟ್ಟಿ ಇದರ ವ್ಯಾಪ್ತಿಗೆ ಬರುವುದಿಲ್ಲ, ಅದೇ ಪಟ್ಟಿ ಆಸ್ಪತ್ರೆಯ ಗಣಕದಿಂದ ಟಿವಿ ಪರದೆಗೆ ಹರಿದರೆ ಬರುತ್ತದೆ. ಹಳೆಯ ಹಲಗೆಯಲ್ಲಿ ಇದ್ದದ್ದನ್ನೇ ಹೊಸ ಪರದೆಯಲ್ಲಿ ಹಾಕಿದ್ದೇವೆ ಎಂಬ ಸಮಜಾಯಿಷಿ ಇನ್ನು ಮುಂದೆ ಸಾಲದು.

ದೂರಿನ ದಾರಿ ಹೀಗಿದೆ. ಮಾನಸಿಕ ಆರೋಗ್ಯ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮೊದಲು ಆ ಆಸ್ಪತ್ರೆಯ ಪ್ರಭಾರ ವೈದ್ಯಾಧಿಕಾರಿಗೆ, ಅಲ್ಲಿ ಸಮಾಧಾನ ದೊರೆಯದಿದ್ದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಹೋಗಬಹುದು. ಖಾಸಗಿ ಆಸ್ಪತ್ರೆಯಾದ್ದರಿಂದ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿರುವ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವೂ ತಮಗೆ ತೆರೆದಿದೆ. ಆದರೆ ಮೊದಲ ಹೆಜ್ಜೆಯನ್ನು ಬಿಟ್ಟುಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಇಂಥ ಎಡವಟ್ಟುಗಳ ಹಿಂದೆ ದುರುದ್ದೇಶಕ್ಕಿಂತ ಅಜಾಗರೂಕತೆಯೇ ಹೆಚ್ಚು: ತಂತ್ರಾಂಶ ಮಾರುವವರು ತೋರಿಸಿದ ಮಾದರಿ ಪರದೆಯಲ್ಲಿ ಎಷ್ಟು ಅಂಕಣಗಳಿದ್ದವೋ ಅಷ್ಟನ್ನೂ ಹಾಗೆಯೇ ಇಟ್ಟುಕೊಂಡಿರುತ್ತಾರೆ. ಬೇಡದ ಅಂಕಣವನ್ನು ಅಡಗಿಸುವುದು ಸಾಮಾನ್ಯವಾಗಿ ದೊಡ್ಡ ಕೆಲಸವಲ್ಲ. ದಿನಾಂಕ, ಸಮಯ, ಪರದೆಯಿದ್ದ ಜಾಗ ಬರೆದು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರೆ, ನಾಳೆ ಬರುವ ರೋಗಿಗಳ ಮಟ್ಟಿಗಾದರೂ ಅದು ಬೇಗ ಸರಿಯಾಗುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಮ್ಮದು ನೂರು ಹಾಸಿಗೆಯ ಧರ್ಮಾರ್ಥ ಆಸ್ಪತ್ರೆ. ದಾನಿಗಳ ನೆರವಿನಿಂದ ಒಪಿಡಿ, ಓಟಿಯ ಹೊರಗಿನ ಕಾಯುವ ಜಾಗ, ವಾರ್ಡಿನ ಕಾರಿಡಾರು ಈ ಮೂರು ಕಡೆ ಡಿಜಿಟಲ್ ಫಲಕ ಹಾಕಿಸಲು ಹೊರಟಿದ್ದೇವೆ. ಯಾವುದರಲ್ಲಿ ಏನನ್ನು ತೋರಿಸಬೇಕು? (ಚಿಕ್ಕಮಗಳೂರು)

ಉತ್ತರ: ಮೂರಕ್ಕೂ ಒಂದೇ ಮಾದರಿಯನ್ನು ಬಳಸದಿರುವುದೇ ಮೊದಲ ಎಚ್ಚರಿಕೆ. ಒಪಿಡಿಯ ಪರದೆಯನ್ನು ನೋಡುವವರು ರೋಗಿಗಳು, ಓಟಿಯ ಹೊರಗಿನದನ್ನು ನೋಡುವವರು ರೋಗಿಯ ಕಡೆಯವರು, ವಾರ್ಡಿನದು ಬೇಕಾಗಿರುವುದು ಸಿಬ್ಬಂದಿಗೆ. ತನ್ನ ಸರದಿ ಎಲ್ಲಿಗೆ ಬಂತು ಎಂಬುದು ಕಾಯುತ್ತಿರುವವನಿಗೆ ತಿಳಿಯಬೇಕು, ಅವನು ಯಾರು ಎಂಬುದು ಪಕ್ಕದವನಿಗೆ ತಿಳಿಯಬೇಕಾಗಿಲ್ಲ. ಯಾವ ಅಂಕಣ ಇರಬೇಕು, ಯಾವುದು ಬೇಡ ಎಂಬ ಚರ್ಚೆ ಬಂದಾಗಲೆಲ್ಲ ಈ ಒಂದು ಮಾತನ್ನು ಮುಂದಿಟ್ಟುಕೊಂಡರೆ ಬಹುಪಾಲು ತೀರ್ಮಾನಗಳು ಅಲ್ಲಿಗೇ ಆಗುತ್ತವೆ.

ಒಪಿಡಿಯಲ್ಲಿ ಟೋಕನ್ ಸಂಖ್ಯೆ ಮತ್ತು ಕೊಠಡಿ ಸಂಖ್ಯೆ ಸಾಕು. ಟೋಕನ್ ಆ ದಿನದ ಮಟ್ಟಿಗಷ್ಟೇ ಇರಬೇಕು. ರೋಗಿಯ ಕಾಯಂ ನೋಂದಣಿ ಸಂಖ್ಯೆಯನ್ನು, ಅಂದರೆ ಚೀಟಿಯ ಮೇಲಿರುವ ಯುಎಚ್‌ಐಡಿಯನ್ನು, ಪರದೆಗೆ ತರಬಾರದು, ಏಕೆಂದರೆ ಅದು ಇಂದು ತಿಳಿದವರಿಗೆ ಮುಂದಿನ ವರ್ಷವೂ ನೆನಪಿರಬಲ್ಲ ಗುರುತು. ಟೋಕನ್ನಿನ ಮೊದಲಕ್ಷರದಲ್ಲಿ ವಿಭಾಗವನ್ನು ಸೂಚಿಸುವ ಅಭ್ಯಾಸವೂ ಅಪಾಯದ್ದೇ. ಚರ್ಮ, ಕಣ್ಣು, ಮೂಳೆ ವಿಭಾಗಗಳಿಗೆ ಅದರಿಂದ ತೊಂದರೆ ಕಾಣಿಸದಿರಬಹುದು, ಆದರೆ ಮನೋರೋಗಕ್ಕೋ ಎಚ್‌ಐವಿ ಚಿಕಿತ್ಸೆಗೋ ಒಂದು ಅಕ್ಷರವನ್ನು ಮೀಸಲಿಟ್ಟರೆ ಆ ಅಕ್ಷರವೇ ಹಣೆಪಟ್ಟಿಯಾಗುತ್ತದೆ. ಇಂಥ ವಿಭಾಗಗಳಿಗೆ ಪ್ರತ್ಯೇಕ ಕಾಯುವ ಜಾಗ ಮಾಡದೆ ಬೇರೆ ವಿಭಾಗಗಳೊಂದಿಗೆ ಒಂದೇ ಹಜಾರದಲ್ಲಿ ಕೂರಿಸುವುದು ಪರದೆಗಿಂತ ಹೆಚ್ಚು ಉಪಕಾರ ಮಾಡೀತು. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2022ರಿಂದ ನಡೆಸುತ್ತಿರುವ ಸ್ಕ್ಯಾನ್ ಅಂಡ್ ಶೇರ್ ವ್ಯವಸ್ಥೆಯಲ್ಲಿ ರೋಗಿ ತನ್ನ ಮೊಬೈಲಿನಿಂದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು ಮುಂತಾದ ವಿವರ ಕೌಂಟರಿನ ಗಣಕಕ್ಕೆ ಹೋಗಿ, ಟೋಕನ್ ಸಂಖ್ಯೆ ಮೊಬೈಲಿಗೆ ಬರುತ್ತದೆ. ವಿವರ ಒಳಗೆ, ಸಂಖ್ಯೆ ಹೊರಗೆ ಎಂಬ ಈ ಕ್ರಮ ತಮ್ಮ ಆಸ್ಪತ್ರೆಗೂ ಹೊಂದುತ್ತದೆ. ಮೊಬೈಲ್ ಇಲ್ಲದವರಿಗೆ ಕೌಂಟರಿನಲ್ಲಿ ಚೀಟಿ ಕೊಟ್ಟರಾಯಿತು.

ಹೆಸರು ಹಾಕದಿದ್ದರೆ ಒಬ್ಬರ ಬದಲು ಮತ್ತೊಬ್ಬರು ಒಳಗೆ ಹೋದಾರು ಎಂದು ಸಿಬ್ಬಂದಿ ವಾದಿಸಬಹುದು. ನಮ್ಮ ಊರುಗಳ ಒಪಿಡಿಯಲ್ಲಿ ಲಕ್ಷ್ಮಮ್ಮ ಎಂದು ಕರೆದರೆ ಎಷ್ಟು ಜನ ಏಳುತ್ತಾರೆಂಬುದು ಅವರಿಗೇ ಚೆನ್ನಾಗಿ ಗೊತ್ತು. ಗುರುತು ಖಚಿತಪಡಿಸಿಕೊಳ್ಳಬೇಕಾದ ಜಾಗ ಕಾರಿಡಾರಲ್ಲ, ವೈದ್ಯರ ಮೇಜು. ರೋಗಿಯ ಸುರಕ್ಷತೆಯ ಅಂತಾರಾಷ್ಟ್ರೀಯ ಗುರಿಗಳಲ್ಲಿ ಮೊದಲನೆಯದೇ ಸರಿಯಾದ ಗುರುತು. ಹೆಸರು ಮತ್ತು ನೋಂದಣಿ ಸಂಖ್ಯೆ, ಅಥವಾ ಹೆಸರು ಮತ್ತು ಜನ್ಮದಿನಾಂಕ, ಹೀಗೆ ಕನಿಷ್ಠ ಎರಡು ಗುರುತುಗಳನ್ನು ಹೋಲಿಸಿಯೇ ಔಷಧಿಯನ್ನಾಗಲಿ ರಕ್ತವನ್ನಾಗಲಿ ಕೊಡಬೇಕೆಂದು ಅದು ಹೇಳುತ್ತದೆ. ಹಾಸಿಗೆಯ ಸಂಖ್ಯೆ, ಕೊಠಡಿಯ ಸಂಖ್ಯೆ ಇಂಥ ಗುರುತುಗಳಾಗಲಾರವು, ಟೋಕನ್ನೂ ಆಗಲಾರದು. ತಾವು ಲಕ್ಷ್ಮಮ್ಮನವರೇ ಎಂದು ಕೇಳುವ ಬದಲು ತಮ್ಮ ಹೆಸರೇನು ಎಂದು ಕೇಳುವಂತೆ ಸಿಬ್ಬಂದಿಗೆ ಹೇಳಿಕೊಡಿ. ಕಿವಿ ಮಂದವಾದವರು, ಗಾಬರಿಯಲ್ಲಿರುವವರು ಮೊದಲಿನ ಪ್ರಶ್ನೆಗೆ ಸುಮ್ಮನೆ ಹೌದೆಂದು ತಲೆಯಾಡಿಸಿಬಿಡುತ್ತಾರೆ.

ಓಟಿಯ ಹೊರಗೆ, ಭರ್ತಿಯಾಗುವಾಗ ಮನೆಯವರ ಕೈಗೆ ಕೊಟ್ಟ ಚೀಟಿಯ ಸಂಕೇತ ಸಂಖ್ಯೆಯ ಎದುರು ಸಿದ್ಧತೆ, ಓಟಿಯ ಒಳಗೆ, ಚೇತರಿಕೆ ಕೊಠಡಿ, ವಾರ್ಡಿಗೆ ಎಂಬ ನಾಲ್ಕು ಹಂತಗಳು ಕಂಡರೆ ಸಾಕು. ಶಸ್ತ್ರಚಿಕಿತ್ಸೆ ಯಾವುದು, ಮಾಡುತ್ತಿರುವವರು ಯಾರು ಎಂಬುದು ಬೇಡ. ವೈದ್ಯರ ಹೆಸರು ಕಂಡರೆ ಕಾಯಿಲೆಯನ್ನು ಊಹಿಸುವುದು ಸುಲಭ. ಕೆಟ್ಟ ಸುದ್ದಿಗೆ ಪರದೆಯಲ್ಲಿ ಯಾವ ಹಂತವನ್ನೂ ಇಡಕೂಡದು. ಒಳಗೆ ಏನಾದರೂ ತೊಡಕಾದಾಗ ಪರದೆ ಇದ್ದ ಹಂತದಲ್ಲೇ ಇರಲಿ, ವೈದ್ಯರು ಹೊರಗೆ ಬಂದು ಮನೆಯವರನ್ನು ಪಕ್ಕದ ಕೊಠಡಿಗೆ ಕರೆದು ಮಾತನಾಡಲಿ. ಈ ಒಂದು ವಿಷಯದಲ್ಲಿ ತಂತ್ರಾಂಶದವರು ಏನೇ ಸೌಲಭ್ಯ ತೋರಿಸಿದರೂ ಒಪ್ಪಬೇಡಿ.

ವಾರ್ಡಿನ ಫಲಕ ನಿಜಕ್ಕೂ ಕಷ್ಟದ್ದು, ಏಕೆಂದರೆ ಅಲ್ಲಿ ಮಾಹಿತಿಯನ್ನು ಮುಚ್ಚಿದರೂ ಹಾನಿ, ತೆರೆದರೂ ಹಾನಿ. ಬಿದ್ದುಬಿಡುವ ಅಪಾಯವಿರುವ ವೃದ್ಧರು, ಔಷಧಿಯ ಅಲರ್ಜಿ ಇರುವವರು, ಶಸ್ತ್ರಚಿಕಿತ್ಸೆಗೆ ಮೊದಲು ಏನನ್ನೂ ತಿನ್ನಲು ಕುಡಿಯಲು ಕೊಡಬಾರದವರು ಯಾರೆಂಬುದು ರಾತ್ರಿ ಪಾಳಿಗೆ ಬಂದ ಸಿಸ್ಟರ್‌ಗೆ ಒಂದೇ ನೋಟಕ್ಕೆ ತಿಳಿಯಬೇಕು. ಇದನ್ನು ಅಕ್ಷರದಲ್ಲಿ ಬರೆಯದೆ ಚಿಹ್ನೆಗಳಲ್ಲಿ ತೋರಿಸಿ. ಪೂರ್ಣ ವಿವರದ ಪರದೆಯನ್ನು ನರ್ಸಿಂಗ್ ಸ್ಟೇಷನ್ನಿನ ಒಳಗೋಡೆಗೆ, ಕಾರಿಡಾರಿಗೆ ಬೆನ್ನು ಮಾಡುವಂತೆ ಹಾಕಿಸಿ. ಕೊಠಡಿಯ ಬಾಗಿಲಿಗೆ ಈಗ ಬರುತ್ತಿರುವ ಇ-ಇಂಕ್ ಮಾದರಿಯ ಚಿಕ್ಕ ಫಲಕಗಳು ಬರಹ ಬದಲಾಗುವಾಗ ಮಾತ್ರ ವಿದ್ಯುತ್ ಬಳಸುವುದರಿಂದ ಕರೆಂಟು ಹೋದರೂ ಚಿಹ್ನೆ ಅಳಿಯುವುದಿಲ್ಲ. ಸೋಂಕು ತಡೆಯ ಸೂಚನೆಯಲ್ಲಿ ಒಳಗೆ ಹೋಗುವವರು ಏನು ಧರಿಸಬೇಕು ಎಂಬುದಿರಲಿ, ಒಳಗಿರುವವರಿಗೆ ಏನಾಗಿದೆ ಎಂಬುದು ಬೇಡ: ಮಾಸ್ಕ್, ಕೈಗವಸು, ಕೈ ತೊಳೆಯುವ ಚಿತ್ರ ಸಾಕು. ಎಚ್‌ಐವಿ ಇರುವವರ ಬಾಗಿಲಿಗೋ ಹಾಸಿಗೆಗೋ ಗುರುತು ಹಾಕುವುದಕ್ಕೆ ವೈದ್ಯಕೀಯ ಕಾರಣವೂ ಇಲ್ಲ, ಏಕೆಂದರೆ ರಕ್ತದ ವಿಷಯದಲ್ಲಿ ಪಾಲಿಸಬೇಕಾದ ಸಾಮಾನ್ಯ ಮುನ್ನೆಚ್ಚರಿಕೆಗಳು ಎಲ್ಲ ರೋಗಿಗಳಿಗೂ ಒಂದೇ. ಬಾಗಿಲಿನ ಗುರುತು ಮಾಡಬಲ್ಲ ಹಾನಿಯನ್ನು ಕೋವಿಡ್ ಕಾಲದಲ್ಲಿ ನಾವೆಲ್ಲ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಗೃಹ ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತ್ತು. ಅದೇ ಡಿಸೆಂಬರಿನಲ್ಲಿ, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿಲ್ಲದೆ ಕೋವಿಡ್ ರೋಗಿಗಳ ಮನೆಗಳ ಹೊರಗೆ ಚೀಟಿ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇನ್ನೆರಡು ಸಣ್ಣ ಮಾತುಗಳು. ಟೋಕನ್ನುಗಳ ನಡುವೆ ಜಾಹೀರಾತನ್ನೋ ದಾನಿಗಳ ಭಾವಚಿತ್ರವನ್ನೋ ಪೂರ್ಣ ಪರದೆಗೆ ತರಬೇಡಿ, ಅಷ್ಟರಲ್ಲಿ ಯಾರದೋ ಸರದಿ ತಪ್ಪಿರುತ್ತದೆ. ಗಣಕ ಕೆಟ್ಟ ದಿನಕ್ಕೆ ಮುದ್ರಿತ ಟೋಕನ್ ಪುಸ್ತಕವೊಂದನ್ನು ಕೌಂಟರಿನಲ್ಲಿ ಇಟ್ಟಿರಿ: 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾದಾಗ ಅಷ್ಟು ದೊಡ್ಡ ಸಂಸ್ಥೆಯೂ ದಿನಗಟ್ಟಲೆ ಕೈಬರಹದಿಂದಲೇ ಕೆಲಸ ನಡೆಸಬೇಕಾಯಿತು.

ಪ್ರಶ್ನೆ: ನನ್ನ ಪತಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ದಿನ ಓಟಿಯ ಹೊರಗಿನ ಫಲಕದಲ್ಲಿ ಬಹಳ ಹೊತ್ತು ಶಸ್ತ್ರಚಿಕಿತ್ಸೆ ನಡೆಯುತ್ತಿದೆ ಎಂದೇ ಇತ್ತು. ಆಮೇಲೆ ಚೇತರಿಕೆ ಕೊಠಡಿ ಎಂದು ಬಂದರೂ ಅವರನ್ನು ವಾರ್ಡಿಗೆ ತರಲು ಎರಡು ಗಂಟೆಯಾಯಿತು. ವೈದ್ಯರು ಮುಕ್ಕಾಲು ಗಂಟೆಯ ಕೆಲಸ ಎಂದಿದ್ದರು. ಏನನ್ನೋ ಮುಚ್ಚಿಡುತ್ತಿದ್ದಾರೆಂದು ನಾನು ಹೆದರಿದ್ದೆ. ಫಲಕ ಸುಳ್ಳು ಹೇಳುತ್ತದೆಯೇ? (ಬಳ್ಳಾರಿ)

ಉತ್ತರ: ಫಲಕಕ್ಕೆ ತಾನಾಗಿ ಏನೂ ತಿಳಿಯುವುದಿಲ್ಲ. ಒಳಗಿರುವ ಸಿಸ್ಟರ್ ಅಥವಾ ತಂತ್ರಜ್ಞರು ಗಣಕದಲ್ಲಿ ಹಂತವನ್ನು ಬದಲಿಸಿದಾಗ ಆಸ್ಪತ್ರೆಯ ತಂತ್ರಾಂಶ ಆ ಸಂದೇಶವನ್ನು ಪರದೆಗೆ ಕಳಿಸುತ್ತದೆ. ರೋಗಿಯ ಭರ್ತಿ, ವರ್ಗಾವಣೆ, ಬಿಡುಗಡೆಗಳನ್ನು ಒಂದು ಗಣಕದಿಂದ ಇನ್ನೊಂದಕ್ಕೆ ತಿಳಿಸಲು 1987ರಲ್ಲಿ ಹುಟ್ಟಿದ ಎಚ್ಎಲ್7 ಸಂಸ್ಥೆ ರೂಪಿಸಿದ ಸಂದೇಶ ಕ್ರಮಗಳು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಸಂದೇಶ ಹೊರಟರೆ ತಲುಪಲು ತಡವಾಗುವುದಿಲ್ಲ, ಹೊರಡುವುದೇ ತಡವಾಗುತ್ತದೆ. ಕೈಗವಸು ಹಾಕಿಕೊಂಡು ಕೆಲಸದಲ್ಲಿರುವವರಿಗೆ ಮೊದಲ ಚಿಂತೆ ರೋಗಿಯದೇ ಹೊರತು ಪರದೆಯದ್ದಲ್ಲ, ಅದು ಹಾಗೆಯೇ ಇರಬೇಕು.

ಇನ್ನು ಸಮಯದ ಲೆಕ್ಕ. ವೈದ್ಯರು ಹೇಳಿದ ಮುಕ್ಕಾಲು ಗಂಟೆ ಕೊಯ್ದು ಹೊಲಿಯುವ ಕೆಲಸಕ್ಕೆ ಸೇರಿದ್ದು. ಫಲಕದ ಹಂತದಲ್ಲಿ ಅರಿವಳಿಕೆ ಕೊಡುವುದು, ಸರಿಯಾಗಿ ಮಲಗಿಸುವುದು, ಚರ್ಮವನ್ನು ಶುಚಿಗೊಳಿಸುವುದು, ಕೊನೆಗೆ ಅರಿವಳಿಕೆಯಿಂದ ಎಚ್ಚರಿಸುವುದು ಎಲ್ಲವೂ ಸೇರಿರುತ್ತವೆ. ಚೇತರಿಕೆ ಕೊಠಡಿಯಲ್ಲಿ ಉಸಿರಾಟ, ರಕ್ತದೊತ್ತಡ, ಎಚ್ಚರದ ಮಟ್ಟ, ಕೈಕಾಲು ಆಡಿಸುವ ಶಕ್ತಿ, ಆಮ್ಲಜನಕದ ಪ್ರಮಾಣ ಇವನ್ನು ನೋಡಿ ಅಂಕ ಹಾಕುವ ಪದ್ಧತಿಯಿದೆ. 1970ರಲ್ಲಿ ಬಂದು ಮುಂದೆ ಪರಿಷ್ಕೃತಗೊಂಡ ಆಲ್ಡ್ರೆಟ್ ಅಂಕಪದ್ಧತಿಯಲ್ಲಿ ಹತ್ತಕ್ಕೆ ಒಂಬತ್ತಾದರೂ ಬಂದಾಗ ರೋಗಿಯನ್ನು ಅಲ್ಲಿಂದ ಹೊರಗೆ ಕಳಿಸುವುದು ವಾಡಿಕೆ. ಆ ಬಳಿಕವೂ ವಾರ್ಡಿನಲ್ಲಿ ಹಾಸಿಗೆ ಸಿದ್ಧವಾಗಬೇಕು, ಕರೆದೊಯ್ಯಲು ಜನ ಬರಬೇಕು. ಎರಡು ಗಂಟೆ ಹಿಡಿಯಿತೆಂಬುದೊಂದೇ ಕಾರಣಕ್ಕೆ ಆತಂಕಪಡಬೇಕಾಗಿರಲಿಲ್ಲ. ಆದರೆ ತಮ್ಮ ಹೆದರಿಕೆಗೆ ಆಸ್ಪತ್ರೆಯೂ ಹೊಣೆ ಎಂದೇ ನನ್ನ ಅಭಿಪ್ರಾಯ. ಪ್ರತಿ ಸಾಲಿನ ಪಕ್ಕದಲ್ಲಿ ಕೊನೆಯ ಬಾರಿ ಬದಲಾದ ಸಮಯವನ್ನು ತೋರಿಸಿ, ಚೇತರಿಕೆ ಕೊಠಡಿಯಲ್ಲಿ ಒಂದೆರಡು ಗಂಟೆ ಇರಿಸಿಕೊಳ್ಳುವುದು ಸಾಮಾನ್ಯ ಎಂಬ ಒಂದು ಸಾಲನ್ನು ಫಲಕದ ಕೆಳಗೆ ಬರೆದಿದ್ದರೆ ತಮಗೆ ಆ ದಿಗಿಲು ತಪ್ಪುತ್ತಿತ್ತು.

ಪ್ರಶ್ನೆ: ನಮ್ಮ ತಂದೆಗೆ ಓದು ಬರುವುದಿಲ್ಲ, ಕಣ್ಣಿನ ಪೊರೆಯೂ ಇದೆ. ಆಸ್ಪತ್ರೆಯ ಫಲಕದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಓಡುತ್ತಿರುತ್ತದೆ. ಅವರೊಬ್ಬರೇ ಹೋದರೆ ಸರದಿ ತಿಳಿಯುವುದು ಹೇಗೆ? (ಕೊಪ್ಪಳ)

ಉತ್ತರ: ಅವರಿಗೆ ತಿಳಿಯುವಂತೆ ಮಾಡುವುದು ಆಸ್ಪತ್ರೆಯ ಕರ್ತವ್ಯ. ಪರದೆಯೊಂದಿಗೆ ಧ್ವನಿಯೂ ಇರಬೇಕು, ಧ್ವನಿ ಕನ್ನಡದಲ್ಲಿರಬೇಕು. ಇಂಗ್ಲಿಷಿನ ಫೋರ್ಟೀನ್, ಫೋರ್ಟಿಗಳು ಗದ್ದಲದಲ್ಲಿ ಒಂದೇ ಆಗಿ ಕೇಳುತ್ತವೆ. ಹದಿನಾಲ್ಕು, ನಲವತ್ತುಗಳಿಗೆ ಆ ತೊಂದರೆಯಿಲ್ಲ. ಹತ್ತು ಅಡಿ ದೂರಕ್ಕೆ ಸುಮಾರು ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರಲ್ಲಿ ರೂಢಿಯಲ್ಲಿರುವ ಅಂದಾಜು. ಆದರೆ ಅದನ್ನು ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಪರದೆಯಲ್ಲಿ ಕನ್ನಡವನ್ನು ತುರುಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಕಲಸಿಹೋಗುತ್ತವೆ; ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟು, ಪರದೆಗೆ ಐದಾರು ಸಾಲಿಗಿಂತ ಹೆಚ್ಚು ಹಾಕದಿರುವುದೇ ಲೇಸು. ಓಡುವ ಬರಹ ಯಾರಿಗೂ ಬೇಡ. ಹಸಿರು, ಕೆಂಪು ಬಣ್ಣದಿಂದ ಮಾತ್ರ ಹಂತ ತೋರಿಸಿದರೆ ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದವರಿಗೆ, ಅದರಲ್ಲೂ ಈ ತೊಂದರೆ ಹೆಚ್ಚಾಗಿರುವ ಗಂಡಸರಿಗೆ, ಏನೂ ತಿಳಿಯುವುದಿಲ್ಲ. ದೃಷ್ಟಿದೋಷ ಅಂಗವೈಕಲ್ಯದ ಮಟ್ಟದ್ದಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನೆರವೂ ಉಂಟು. ಸದ್ಯಕ್ಕೆ, ಕೌಂಟರಿನಲ್ಲಿ ಚೀಟಿ ಪಡೆಯುವಾಗಲೇ ನನಗೆ ಓದಲು ಆಗುವುದಿಲ್ಲ, ಸರದಿ ಬಂದಾಗ ಹೇಳಿ ಎಂದು ತಿಳಿಸಲು ತಂದೆಯವರಿಗೆ ಹೇಳಿಕೊಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು, ಅಲ್ಲಿ ಆಸ್ಪತ್ರೆಯವರು ರೋಗಿಯ ಹೆಸರನ್ನು ಬಾಯಲ್ಲೂ ಹೇಳುವಂತಿಲ್ಲ ಎನ್ನುತ್ತಾಳೆ. ನಿಜವೇ? (ಮೈಸೂರು)

ಉತ್ತರ: ಅಷ್ಟು ಬಿಗಿಯಿಲ್ಲ. ಅಲ್ಲಿನ 1996ರ ಹಿಪಾ ಕಾನೂನಿನ ಖಾಸಗಿತನದ ನಿಯಮ 2003ರ ಏಪ್ರಿಲ್‌ನಿಂದ ಪಾಲನೆಗೆ ಬಂತು. ಕಾಯುವ ಕೊಠಡಿಯಲ್ಲಿ ಹೆಸರು ಕರೆಯುವುದಕ್ಕೂ, ಬಂದವರು ಹೆಸರು ಬರೆಯುವ ಹಾಳೆ ಇಡುವುದಕ್ಕೂ ಅಲ್ಲಿನ ಆರೋಗ್ಯ ಇಲಾಖೆ ಅವಕಾಶ ಕೊಟ್ಟಿದೆ. ಆದರೆ ಯಾವ ತೊಂದರೆಗೆ ಬಂದಿದ್ದಾರೆಂಬುದು ಅದರಲ್ಲಿ ಇರಕೂಡದು. ಹಲವು ಆಸ್ಪತ್ರೆಗಳು ಇದಕ್ಕಿಂತ ಹೆಚ್ಚಿನ ಎಚ್ಚರ ವಹಿಸುವುದರಿಂದ ಮಗಳಿಗೆ ಹಾಗೆ ಅನ್ನಿಸಿರಬಹುದು.

ಪ್ರಶ್ನೆ: ಓಟಿಯ ಫಲಕದ ಫೋಟೊ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ? (ಉಡುಪಿ)

ಉತ್ತರ: ಮನೆಮಟ್ಟಿಗಿನ ಸ್ವಂತ ಬಳಕೆಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ. ಆದರೂ ಆ ಫೋಟೊದಲ್ಲಿ ತಮ್ಮವರ ಸಾಲಿನ ಜೊತೆಗೆ ಬೇರೆಯವರ ಸಾಲುಗಳೂ ಇರುತ್ತವೆ. ಹಂತವನ್ನು ಎರಡು ಪದಗಳಲ್ಲಿ ಬರೆದು ಕಳಿಸಿದರೆ ಸಾಕಲ್ಲವೇ?

ಪ್ರಶ್ನೆ: ರೋಗಿಗಳ ಬಗ್ಗೆ ಇಷ್ಟೆಲ್ಲ ತೋರಿಸುವ ಆಸ್ಪತ್ರೆಗಳು ತಮ್ಮ ಬಗ್ಗೆ, ಅಂದರೆ ಖಾಲಿ ಹಾಸಿಗೆ ಎಷ್ಟಿವೆ, ದರ ಎಷ್ಟು ಎಂಬುದನ್ನು ಏಕೆ ತೋರಿಸುವುದಿಲ್ಲ? (ಬೆಂಗಳೂರು)

ಉತ್ತರ: ತೋರಿಸಲೇಬೇಕು. ಖಾಲಿ ಹಾಸಿಗೆಗಳ ಸಂಖ್ಯೆಯಾಗಲಿ ಚಿಕಿತ್ಸೆಯ ದರವಾಗಲಿ ಯಾವ ರೋಗಿಯ ಗುಟ್ಟೂ ಅಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ದರಪಟ್ಟಿಯನ್ನು ಪ್ರದರ್ಶಿಸುವುದು ಆಸ್ಪತ್ರೆಗಳ ಹೊಣೆ. 2020ರ ಜುಲೈನಲ್ಲಿ ಕೋವಿಡ್ ಹಾಸಿಗೆಗಳ ಹಂಚಿಕೆಯ ವಿವರವನ್ನು ಸ್ವಾಗತ ಕೌಂಟರಿನಲ್ಲಿ ಫಲಕ ಹಾಕಿ ತೋರಿಸಬೇಕೆಂದು ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಆದೇಶಿಸಿದ್ದೂ ಉಂಟು. ಪರದೆಗೆ ಹಣ ಹಾಕುವ ಆಸ್ಪತ್ರೆ ಮೊದಲ ಪರದೆಯನ್ನು ಇದಕ್ಕೇ ಮೀಸಲಿಡಬಹುದು. ದರಪಟ್ಟಿ ಕಾಣದಿದ್ದರೆ, ಮೇಲೆ ಹಾಸನದ ಓದುಗರಿಗೆ ತಿಳಿಸಿದ ಜಿಲ್ಲಾ ಪ್ರಾಧಿಕಾರಕ್ಕೇ ತಾವೂ ಬರೆಯಬಹುದು.